ಮಳೆಯಲ್ಲಿ ಬರೆಯಲು ಯಾವ ಪುಸ್ತಕ?

ಪ್ರಶ್ನೆ: ಆಗುಂಬೆ ಸುತ್ತಿನ ಕಾಡಿನಲ್ಲಿ ಸಂಖ್ಯೆ ಹಾಕಿದ ಮರಗಳ ಸುತ್ತಳತೆಯನ್ನು ಬರೆದುಕೊಳ್ಳುವ ಕೆಲಸ ನನ್ನದು. ಕಳೆದ ಆಷಾಢದಲ್ಲಿ ಜೆಲ್ ಪೆನ್ನಿನಿಂದ ಬರೆದಿದ್ದ ಮೂರು ದಿನಗಳ ಲೆಕ್ಕ ತೊಯ್ದು ನೀಲಿ ಕಲೆಯಾಯಿತು. ನೀರಿಗೆ ಹಾಳಾಗದ ನೋಟ್‌ಪುಸ್ತಕಗಳು ನಿಜವಾಗಿ ಉಪಯೋಗಕ್ಕೆ ಬರುತ್ತವೆಯೇ? ಕಲ್ಲಿನ ಕಾಗದದ ಪುಸ್ತಕವನ್ನು ಕೊಳ್ಳಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಖಂಡಿತ ಬರುತ್ತವೆ, ಆದರೆ ನಿಮ್ಮ ಲೆಕ್ಕ ಹಾಳಾಗಲು ಕಾಗದಕ್ಕಿಂತ ಶಾಯಿಯೇ ಹೆಚ್ಚು ಕಾರಣವಾದಂತೆ ತೋರುತ್ತದೆ. ಜೆಲ್ ಪೆನ್ನಿನ ಶಾಯಿ ನೀರಿನಲ್ಲಿ ಕಲಸಿದ್ದಾದ್ದರಿಂದ ಎಷ್ಟೋ ಬಾರಿ ನೀರು ತಗುಲಿದೊಡನೆ ಹರಡಿಕೊಳ್ಳುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್ ನೀರಿನಲ್ಲಿಯೂ ಕರಗದು, ಮದ್ಯಸಾರದಲ್ಲಿಯೂ ಕರಗದು. ಮದ್ಯಸಾರದಲ್ಲಿ ಮುಳುಗಿಸಿಟ್ಟ ಕಪ್ಪೆ, ಮೀನುಗಳ ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯುವ ರೂಢಿ ಬಂದಿರುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲು ಒಂದು ಎಚ್‌ಬಿ ಪೆನ್ಸಿಲ್ಲನ್ನು ದಾರದಿಂದ ಪುಸ್ತಕಕ್ಕೆ ಕಟ್ಟಿಕೊಳ್ಳಿ.

ಸಾಮಾನ್ಯ ಕಾಗದದ ನಾರುಗಳು ನೀರು ಕುಡಿದು ಉಬ್ಬಿ ಒಂದರ ಹಿಡಿತವನ್ನು ಇನ್ನೊಂದು ಬಿಡುವುದರಿಂದ ಹಾಳೆ ಮುಟ್ಟಿದಲ್ಲಿ ಹರಿಯುತ್ತದೆ. ಅಮೆರಿಕದ ಟಕೋಮಾ ಊರಿನ ‘ರೈಟ್ ಇನ್ ದಿ ರೈನ್’ ಕಂಪನಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಮಳೆಕಾಡುಗಳ ಮರಕಡಿಯುವವರಿಗಾಗಿ, ನೀರನ್ನು ಒಳಬಿಡದ ಲೇಪನವುಳ್ಳ ಕಾಗದವನ್ನು ತಯಾರಿಸತೊಡಗಿತು. ಇಂಥ ಹಾಳೆಯ ಮೇಲೆ ಹನಿಗಳು ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ನಿಲ್ಲುತ್ತವೆ, ಕೊಡವಿ ಬರೆದರಾಯಿತು. ಮಾಮೂಲಿ ಬಾಲ್‌ಪೆನ್ನು ಮಾತ್ರ ಒದ್ದೆ ಹಾಳೆಯ ಮೇಲೆ ಜಾರುತ್ತದೆ. ಒತ್ತಡದ ಅನಿಲ ತುಂಬಿದ ಪೆನ್ನುಗಳು ಒದ್ದೆಯಲ್ಲಿಯೂ ಬರೆಯುತ್ತವೆ, ಆದರೆ ಅವುಗಳ ಬೆಲೆ ಹೆಚ್ಚು.

ಕಲ್ಲಿನ ಕಾಗದವೆಂದರೆ ಸುಣ್ಣಕಲ್ಲಿನ ಪುಡಿಯನ್ನು ಪಾಲಿಥಿಲೀನ್ ಪ್ಲಾಸ್ಟಿಕ್ಕಿನಲ್ಲಿ ಹಿಡಿಸಿದ ಹಾಳೆ. ಅದರಲ್ಲಿ ನಾರೇ ಇಲ್ಲದ್ದರಿಂದ ನೆನೆಯುವ ಮಾತಿಲ್ಲ. ಆದರೆ ಬಹುಕಾಲ ಬಿಸಿಲಿಗೆ ಒಡ್ಡಿದರೆ ಅದು ಶಿಥಿಲವಾಗುತ್ತದೆ. ವರ್ಷಗಟ್ಟಲೆ ಉಳಿಯಬೇಕಾದ ಮರಗಳ ಲೆಕ್ಕಕ್ಕೆ ನಾನು ಅದನ್ನು ಆರಿಸುವುದಿಲ್ಲ; ಲೇಪನದ ಕಾಗದವೇ ನಿಮಗೆ ಸರಿ. ಪುಸ್ತಕ ಯಾವುದೇ ಇರಲಿ, ಅಂದಂದಿನ ಪುಟಗಳನ್ನು ಅಂದು ಸಂಜೆಯೇ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ.

ಮುಂದೆಂದಾದರೂ ಸಾಮಾನ್ಯ ಪುಸ್ತಕ ತೊಯ್ದರೆ, ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಬಿಡಿಯಾಗಿರುವ ಹಾಳೆಗಳ ನಡುವೆ ಅಚ್ಚಿಲ್ಲದ ಬಿಳಿ ಕಾಗದವಿಟ್ಟು, ಅದನ್ನು ಆಗಾಗ ಬದಲಿಸುತ್ತ, ಫ್ಯಾನಿನ ಗಾಳಿಗೆ ಒಣಗಿಸಿ. ಕೂಡಲೇ ಒಣಗಿಸಲಾಗದಿದ್ದರೆ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ಬೂಷ್ಟು ಹಿಡಿಯುವುದಿಲ್ಲ.

ಕಳೆದುಹೋದ ಮೂರು ದಿನಗಳ ಅಳತೆಯನ್ನು ನೆನಪಿನಿಂದ ತುಂಬಬೇಡಿ. ಮರಗಳ ಮೇಲೆ ಸಂಖ್ಯೆ ಇದೆಯಲ್ಲ, ಮತ್ತೆ ಹೋಗಿ ಹಿಂದಿನ ಎತ್ತರದಲ್ಲಿಯೇ ಟೇಪು ಸುತ್ತಿ ಅಳೆಯಿರಿ. ಆದರೆ ಅಳತೆಯ ಪಕ್ಕದಲ್ಲಿ ಹೊಸ ದಿನಾಂಕವನ್ನೇ ಬರೆಯಿರಿ.