ಹಿತ್ತಲ ಪ್ರಶ್ನೆ, ಬೇಲಿ ಪಕ್ಕದ ಉತ್ತರ

ಪ್ರಶ್ನೆ: ಬಿಸಿಲು ಜೋರಾದ ಮೇಲೆ ನಮ್ಮ ಟೊಮೆಟೊ ಗಿಡ ಹೂ ಬಿಡುತ್ತದೆ, ಆದರೆ ಎಲ್ಲಾ ತೊಟ್ಟಿನ ಸಮೇತ ಉದುರುತ್ತವೆ. ಪಕ್ಕದ ಮನೆಯವರ ಗಿಡದ ತುಂಬಾ ಕಾಯಿ. ಏನು ಹಾಕಿದ್ದೀರಿ ಅಂತ ಕೇಳಿದರೆ ನಗುತ್ತಾರೆ ಅಷ್ಟೇ. ಗೊಬ್ಬರ ಜಾಸ್ತಿ ಮಾಡಲಾ?

ಉತ್ತರ: ಬೇಡ. ಸಾರಜನಕ ಜಾಸ್ತಿಯಾದರೆ ಎಲೆ ದಟ್ಟವಾಗುತ್ತದೆ, ಕಾಯಿ ಬರುವುದಿಲ್ಲ. ಇದು ಸೆಕೆಯ ಕಾಟ. ಹಗಲಿನ ಬಿಸಿ 32-35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊದ ಪರಾಗ ಕೆಲಸ ಮಾಡುವುದಿಲ್ಲ, ಗಿಡ ಹೂ ಉದುರಿಸಿಬಿಡುತ್ತದೆ. ಪಕ್ಕದವರು ಗುಟ್ಟು ಮುಚ್ಚಿಟ್ಟಿದ್ದಾರೆ ಅಂದುಕೊಳ್ಳಬೇಡಿ, ಅವರಿಗೂ ಗೊತ್ತಿಲ್ಲದೆ ಇರಬಹುದು. ಮಧ್ಯಾಹ್ನ ಮೂರು ಗಂಟೆಗೆ ಬೇಲಿ ಹತ್ತಿರ ನಿಂತು ಅವರ ಗಿಡದ ಮೇಲೆ ಯಾವುದಾದರೂ ಗೋಡೆಯದೋ ಮರದ್ದೋ ನೆರಳು ಬೀಳುತ್ತಿದೆಯಾ ನೋಡಿ. ಸಣ್ಣ ಕಾಯಿಯ ತಳಿ ಹಾಕಿದ್ದರೆ ಅದೂ ಸೆಕೆಯನ್ನು ಸ್ವಲ್ಪ ಚೆನ್ನಾಗಿ ತಡೆಯುತ್ತದೆ. ನಿಮ್ಮ ಗಿಡಕ್ಕೂ ಮಧ್ಯಾಹ್ನದ ಹೊತ್ತು ತೆಳು ಬಟ್ಟೆಯ ನೆರಳು ಕಟ್ಟಿ, ಬುಡಕ್ಕೆ ಒಣಹುಲ್ಲು ಹೊದಿಸಿ. ಸೆಕೆ ಇಳಿದ ಮೇಲೆ ಮತ್ತೆ ಕಾಯಿ ಕಟ್ಟುತ್ತದೆ, ಅಲ್ಲಿವರೆಗೆ ಗಿಡ ಕೀಳಬೇಡಿ.

ಪ್ರಶ್ನೆ: ಒಂದು ವಾರ ಊರಲ್ಲಿ ಇರಲಿಲ್ಲ. ಪಕ್ಕದ ಮನೆ ಅಜ್ಜಿಗೆ ನೀರು ಹಾಕಿ ಅಂತ ಹೇಳಿ ಹೋಗಿದ್ದೆವು. ಬಂದು ನೋಡಿದರೆ ಕುಂಡದ ಮೆಣಸಿನ ಗಿಡಗಳೆಲ್ಲ ಜೋತುಬಿದ್ದಿವೆ, ಮಣ್ಣು ಮಾತ್ರ ಕೆಸರು. ಹುರುಳಿಕಾಯಿಯೂ ಬಲಿತು ನಾರಾಗಿದೆ. ಅಜ್ಜಿಗೆ ಹೇಳೋದಾ, ಬೇಡ್ವಾ?

ಉತ್ತರ: ಮೆಣಸಿನ ಗಿಡದ ವಿಷಯ ಹೇಳಬೇಡಿ. ಬೇರೆಯವರ ಗಿಡ ಒಣಗಿಹೋದರೆ ಏನು ಗತಿ ಅನ್ನೋ ಭಯಕ್ಕೇ ಜನ ಒಂದಕ್ಕೆ ಎರಡು ಬಿಂದಿಗೆ ಸುರಿಯುತ್ತಾರೆ, ಅಜ್ಜಿಯದ್ದೂ ಅದೇ ಆಗಿರಬೇಕು. "ನೀರು ಹಾಕಿ" ಅಂದಿರಿ, ಎಷ್ಟು ಅಂತ ಹೇಳಿದಿರಾ? ಮಣ್ಣು ಒದ್ದೆಯಿದ್ದೂ ಗಿಡ ಬಾಡಿದೆ ಅಂದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ಒಂದು ಗಿಡವನ್ನು ಮೆಲ್ಲಗೆ ಎಬ್ಬಿಸಿ ನೋಡಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಕುಂಡಗಳನ್ನು ನೆರಳಿಗೆ ಇಟ್ಟು ಮಣ್ಣು ಆರಲು ಬಿಡಿ, ಚಿಗುರಬಹುದು. ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಸಿಪ್ಪೆ ಜಾರಿ ಬರುತ್ತಿದ್ದರೆ ಮುಗಿಯಿತು.

ಮುಂದಿನ ಸಲ ಹೋಗುವ ಹಿಂದಿನ ದಿನ ಅಜ್ಜಿಯನ್ನು ಕರೆದು ಜೊತೆಗೇ ಹಿತ್ತಲು ಸುತ್ತಿ. ಬೆರಳು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು, ಅದೂ ಈ ಚೊಂಬಿನಲ್ಲಿ ಇಷ್ಟೇ ಅಂತ ತೋರಿಸಿ. ಚೊಂಬನ್ನು ಅಲ್ಲೇ ಇಟ್ಟು ಹೋಗಿ. ಹುರುಳಿಕಾಯಿ ವಿಷಯ ಮಾತ್ರ ಬಾಯಿಬಿಟ್ಟು ಹೇಳಲೇಬೇಕು: ಎಳೆಯದಿರುವಾಗಲೇ ಕಿತ್ತು ನೀವೇ ಅಡುಗೆ ಮಾಡಿಕೊಳ್ಳಿ, ಅಂತ. ಸುಮ್ನೆ ಉಪಚಾರದ ಮಾತಲ್ಲ ಇದು. ಬಳ್ಳಿಯಲ್ಲಿ ಕಾಯಿ ಬಲಿತು ಬೀಜ ಕಟ್ಟಿದರೆ ಹೊಸ ಹೂ ಕಡಿಮೆಯಾಗುತ್ತದೆ, ಕಿತ್ತಷ್ಟೂ ಬಿಡುತ್ತದೆ. ಅವರು ಕೀಳದಿದ್ದರೆ ನಷ್ಟ ನಿಮಗೇ. ಹೇಳದೆ ಹೋದರೆ ಇನ್ನೊಬ್ಬರ ಹಿತ್ತಲಲ್ಲಿ ಕೈ ಹಾಕಲು ಯಾರಿಗಾದರೂ ಸಂಕೋಚ ಇರುತ್ತದೆ ಅಲ್ವಾ.

ಪ್ರಶ್ನೆ: ಕುಂಬಳದ ಮಿಡಿಗಳು ಹೆಬ್ಬೆರಳು ಗಾತ್ರಕ್ಕೆ ಬಂದು ಹಳದಿಯಾಗಿ ಬೀಳುತ್ತಿವೆ.

ಉತ್ತರ: ಪರಾಗ ಸೇರಿಲ್ಲ. ಹೂವಿನ ಹಿಂದೆ ಪುಟ್ಟ ಕಾಯಿ ಇರುವುದು ಹೆಣ್ಣು ಹೂ, ಬರೀ ತೊಟ್ಟಿರುವುದು ಗಂಡು ಹೂ. ಬೆಳಿಗ್ಗೆ ಬೇಗ ಹೂ ಅರಳಿರುವಾಗಲೇ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ಮಧ್ಯಕ್ಕೆ ಮೆತ್ತಗೆ ಸವರಿ. ನಿಮ್ಮ ಬಳ್ಳಿಯಲ್ಲಿ ಅವತ್ತು ಗಂಡು ಹೂ ಇಲ್ಲದಿದ್ದರೆ ಪಕ್ಕದ ಮನೆಯ ಕುಂಬಳದ ಬಳ್ಳಿಯಿಂದ ಕೇಳಿ ತನ್ನಿ, ಕೆಲಸ ಆಗುತ್ತದೆ.