ಸತ್ತರೂ ಸಾವಿರ ಎನ್ನುವ ಗಾದೆ

ಓದುಗರ ಪತ್ರ: ಮೈಸೂರಿನ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: “ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆ ಮರದ ಬಾಗಿಲು ನೋಡಿ ಕಣ್ಣು ತುಂಬಿತು. ಇಂದು ಅದೇ ಕಸುಬಿನವರು ಪ್ಲಾಸ್ಟಿಕ್ ಚೂರು ಕೂರಿಸುತ್ತಿದ್ದಾರೆ. ಕಾಡಿನಲ್ಲಿ ತಾವಾಗಿ ಸತ್ತ ಆನೆಗಳ ದಂತ ಸರ್ಕಾರದ ಉಗ್ರಾಣದಲ್ಲಿ ಸುಮ್ಮನೆ ಬಿದ್ದಿದೆ. ಅದನ್ನು ಇವರಿಗೆ ಕೊಟ್ಟರೆ ಯಾರಿಗೆ ನಷ್ಟ? ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ಹಿರಿಯರು ಹೇಳಿಲ್ಲವೇ?”

ಸಂಪಾದಕರ ಉತ್ತರ: ಮೇಷ್ಟರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಬಾಗಿಲನ್ನು ನಾನೂ ನೋಡಿದ್ದೇನೆ. ಅದು ತೆರೆದುಕೊಳ್ಳುವುದು ಗಣಪತಿಯ ಗುಡಿಗೆ. ಮಹಾಭಾರತ ಬರೆಯಲು ತನ್ನ ದಂತವನ್ನೇ ಮುರಿದುಕೊಟ್ಟ ದೇವರ ಎದುರಿಗೆ, ಯಾರೂ ಕೇಳದೆ ಕಿತ್ತುಕೊಂಡ ದಂತಗಳ ಬಾಗಿಲು. ನಿಮ್ಮ ಕಣ್ಣು ತುಂಬಿದ ಜಾಗದಲ್ಲಿ ನನ್ನ ಕಣ್ಣೂ ತುಂಬಿತು, ಕಾರಣ ಮಾತ್ರ ಬೇರೆ.

ಬೀಟೆಯ ಕಪ್ಪಿನ ಮೇಲೆ ದಂತದ ಬಿಳುಪು ಕೊಡುವ ಕಳೆ ಪ್ಲಾಸ್ಟಿಕ್ಕಿಗೆ ಬಾರದು, ಒಪ್ಪುತ್ತೇನೆ. 1986ರಲ್ಲಿ ನಮ್ಮ ದೇಶದ ಆನೆಗಳ ದಂತದ ವ್ಯಾಪಾರವನ್ನು ಕಾನೂನು ನಿಲ್ಲಿಸಿದಾಗ ಕುಶಲಕರ್ಮಿಗಳ ಕೈ ಕಟ್ಟಿದಂತಾಯಿತು ಎಂಬುದೂ ನಿಜ.

ಆದರೆ ನೀವು ಆಸರೆಗೆ ತಂದ ಗಾದೆಯ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ಸತ್ತರೂ ಸಾವಿರ ಎಂದು ಲೆಕ್ಕ ಹಾಕಿದ ದಿನದಿಂದಲೇ ಆನೆ ಬದುಕಿರುವುದು ಕೆಲವರಿಗೆ ನಷ್ಟವಾಗಿ ಕಾಣತೊಡಗಿತು.

ದಂತ ಕೊಂಬಲ್ಲ, ಹಲ್ಲು. ಮೇಲ್ದವಡೆಯ ಬಾಚಿಹಲ್ಲು. ಆನೆ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದರ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯ ಒಳಗಿದೆ, ನರ ಮತ್ತು ರಕ್ತದೊಂದಿಗೆ. ಒಮ್ಮೆ ಆನೆ ಬಿಡಾರವೊಂದರಲ್ಲಿ ಮಾವುತರೊಬ್ಬರು ತಮ್ಮ ಆನೆಯ ಎಡದಂತದ ಮೇಲೆ ನನ್ನ ಬೆರಳಿಡಿಸಿದರು. ತುದಿಯ ಹತ್ತಿರ ಸಣ್ಣದೊಂದು ಕಚ್ಚು ಬಿದ್ದಿತ್ತು, ಬಾವಿಯ ಕಲ್ಲಿನ ಮೇಲೆ ಹಗ್ಗ ಎಳೆದೆಳೆದು ಬೀಳುತ್ತದಲ್ಲ, ಹಾಗೆ. ಹುಲ್ಲನ್ನು ಸೊಂಡಿಲಿನಲ್ಲಿ ಸುತ್ತಿ ಅದೇ ದಂತಕ್ಕೆ ಆನಿಸಿ ಕೀಳುವುದರಿಂದ ಸವೆದದ್ದಂತೆ. ನಮ್ಮಲ್ಲಿ ಎಡಚರು ಇರುವಂತೆ ಆನೆಗಳಲ್ಲೂ ಇವೆ, ದುಡಿಯುವ ದಂತ ಮೋಟಾಗುತ್ತದೆ. ತೊಗಟೆ ಸುಲಿಯಲು, ಉಪ್ಪುಮಣ್ಣು ಅಗೆಯಲು, ಇನ್ನೊಂದು ಸಲಗವನ್ನು ತಡೆದು ನಿಲ್ಲಿಸಲು ಅದೇ ಬೇಕು. ದಂತದ ಉಪಯೋಗವೇನು ಎಂದು ನೀವು ಕೇಳಿದ್ದರೆ ನಾನು ಈ ಕಚ್ಚನ್ನಷ್ಟೇ ತೋರಿಸುತ್ತಿದ್ದೆ.

ತಾವಾಗಿ ಸತ್ತ ಆನೆಯದು ಮಾತ್ರ ಎನ್ನುತ್ತೀರಿ. ಕಡೆದು ಮುಗಿಸಿದ ಬಳೆ, ತನ್ನ ಆನೆ ಹೇಗೆ ಸತ್ತಿತೆಂದು ಹೇಳುತ್ತದೆಯೇ? 1986ರ ನಂತರವೂ ಆಫ್ರಿಕಾದ ದಂತಕ್ಕೆ ಇಲ್ಲಿ ಅವಕಾಶವಿತ್ತು. ಆ ಅನುಮತಿಯ ಕಾಗದದ ಮರೆಯಲ್ಲಿ ನಮ್ಮ ಕಾಡಿನ ದಂತವೂ ದಾಟಬಹುದೆಂಬ ಕಾರಣಕ್ಕೇ 1991ರಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ದೆಹಲಿ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಹೊರಗಿನ ಪಾಠವೂ ಇದೇ. 2008ರಲ್ಲಿ ದಕ್ಷಿಣ ಆಫ್ರಿಕಾ ಭಾಗದ ನಾಲ್ಕು ದೇಶಗಳು ತಮ್ಮ ಉಗ್ರಾಣದ ನೂರು ಟನ್ನಿಗೂ ಹೆಚ್ಚು ದಂತವನ್ನು ಚೀನಾ ಮತ್ತು ಜಪಾನಿಗೆ ಮಾರಿದವು. ನಂತರದ ವರ್ಷಗಳಲ್ಲಿ ಕಳ್ಳಬೇಟೆ ಇಳಿಯಲಿಲ್ಲ, ಏರಿತು. ಕೀನ್ಯಾ 1989ರಲ್ಲಿ 12 ಟನ್ ದಂತಕ್ಕೆ ಬೆಂಕಿ ಇಟ್ಟಿತು, 2016ರಲ್ಲಿ 105 ಟನ್ನಿಗೆ. ಬಡ ದೇಶಕ್ಕೆ ಇದೆಂಥ ದುಂದು ಎಂದವರಿದ್ದರು. ಮಾರುವ ವಸ್ತುವೇ ಅಲ್ಲ ಎಂದು ಹೇಳಲು ಅದಕ್ಕಿಂತ ನೇರವಾದ ದಾರಿ ನನಗೆ ಹೊಳೆಯುವುದಿಲ್ಲ.

ನಮ್ಮ ಆನೆಗಳಲ್ಲಿ ದಂತವಿರುವುದು ಗಂಡಿಗೆ ಮಾತ್ರ. ಹಾಗಾಗಿ ಬೇಟೆಗಾರನ ಗುಂಡು ಆರಿಸಿ ಆರಿಸಿ ಗಂಡನ್ನೇ ಹೊಡೆಯಿತು. ಕೇರಳದ ಪೆರಿಯಾರ್ ಕಾಡಿನಲ್ಲಿ ಒಂದು ಕಾಲಕ್ಕೆ ನೂರರಷ್ಟು ಹೆಣ್ಣಾನೆಗಳಿಗೆ ಬೆಳೆದ ಗಂಡು ಒಂದೇ ಉಳಿದಿತ್ತು. ಹೆಣ್ಣಿಗೂ ದಂತವಿರುವ ಆಫ್ರಿಕಾದ ಕಥೆ ಇನ್ನೂ ಘೋರ. ಮೊಜಾಂಬಿಕ್‌ನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದಲ್ಲಿ 1977ರಿಂದ 1992ರವರೆಗಿನ ಅಂತರ್ಯುದ್ಧದಲ್ಲಿ ಹತ್ತರಲ್ಲಿ ಒಂಬತ್ತು ಆನೆಗಳು ಸತ್ತವು. ಬೇಟೆಗಾರರಿಗೆ ಬೇಡವಾದ, ದಂತವಿಲ್ಲದ ಹೆಣ್ಣಾನೆಗಳೇ ಹೆಚ್ಚಾಗಿ ಬದುಕುಳಿದು ಮರಿ ಹಾಕಿದವು. ಅದಾದ ಮೇಲೆ ಅಲ್ಲಿನ ಹೆಣ್ಣಾನೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ದಂತವೇ ಇರಲಿಲ್ಲ. ನಮ್ಮ ಆಸೆ ಒಂದು ಜೀವಿಯ ಹುಟ್ಟನ್ನೇ ತಿದ್ದಿತು, ಮೇಷ್ಟರೇ.

ಕಸುಬಿನವರ ಬಗ್ಗೆ ನಿಮ್ಮ ಮರುಕ ದೊಡ್ಡದು. ಆದರೆ ಅವರನ್ನು ಸೊರಗಿಸಿದ್ದು ದಂತದ ಅಭಾವವೊಂದೇ ಅಲ್ಲ, ನಮ್ಮ ಚೌಕಾಸಿ. ಬಗೆಬಗೆಯ ಬಣ್ಣದ ಮರದ ಚೂರುಗಳಿಂದಲೇ ಅವರು ಇಡೀ ದಸರಾ ಮೆರವಣಿಗೆಯನ್ನು ಹಲಗೆಯ ಮೇಲೆ ಇಳಿಸುತ್ತಾರೆ. ವಾರಗಟ್ಟಲೆಯ ಆ ಕೆಲಸದ ಬೆಲೆಯಲ್ಲೂ ನಾವು ಒಂದು ಹೊತ್ತಿನ ಹೋಟೆಲ್ ಊಟದಷ್ಟು ದುಡ್ಡನ್ನು ಕಡಿತ ಮಾಡಿಸುತ್ತೇವೆ. ಕೈಗೆ ಬೆಲೆ ಕಟ್ಟಲು ಬಾರದವರು ವಸ್ತುವಿಗೆ ಕಟ್ಟುತ್ತೇವೆ. ಶ್ರೀಗಂಧಕ್ಕೆ ಮಾಡಿದ್ದೂ ಅದನ್ನೇ.

ಪತ್ರಿಕೆಯವರಾದ ನಾವೂ ಹೊರತಲ್ಲ. ಜೋತುಬಿದ್ದ ವಿದ್ಯುತ್ ತಂತಿ ತಗುಲಿ ಸಲಗವೊಂದು ಸತ್ತರೆ ಸುದ್ದಿಯ ಕೊನೆಯ ಸಾಲು ಬರೆದಿಟ್ಟಂತೆ ಬರುತ್ತದೆ: “ದಂತಗಳು ಸುರಕ್ಷಿತವಾಗಿವೆ.” ಕಳೆದ ತಿಂಗಳು ಅಂಥದ್ದೊಂದು ವರದಿ ನನ್ನ ಮೇಜಿಗೆ ಬಂತು. ಆ ಸಾಲನ್ನು ಹೊಡೆದುಹಾಕಿ, ತಂತಿ ಎಷ್ಟು ದಿನದಿಂದ ಜೋತುಬಿದ್ದಿತ್ತು ಎಂದು ವಿಚಾರಿಸಿ ಬರೆಯುವಂತೆ ವರದಿಗಾರರಿಗೆ ಹೇಳಿದೆ.