ಹಳೆಯ ಮನೆಯ ಮರ, ಹೊಸ ಅಡುಗೆಮನೆಯ ಕಪಾಟು

ಪ್ರಶ್ನೆ: ಸಾಗರದ ಬಳಿಯ ನಮ್ಮ ಹಳೆಯ ಮನೆಯನ್ನು ಬಿಚ್ಚಿದಾಗ ಹಲಸಿನ ತೊಲೆಗಳೂ ಅಗಲವಾದ ತೇಗದ ಹಲಗೆಗಳೂ ಸಿಕ್ಕಿವೆ. ಹೊಸ ಅಡುಗೆಮನೆಯ ಕಪಾಟುಗಳನ್ನು ಅವುಗಳಿಂದಲೇ ಮಾಡಿಸುವ ಆಸೆ. ಆದರೆ ಹಿಂದೆ ಮಾಡಿಸಿದ ತೇಗದ ಬೀರುವಿನ ಬಾಗಿಲು ಆರಿದ್ರ ಮಳೆ ಬಂದೊಡನೆ ಬಿಗಿದುಕೊಳ್ಳುತ್ತದೆ. ಪ್ಲೈವುಡ್ಡೇ ಕ್ಷೇಮವೆಂದು ನಮ್ಮ ಬಡಗಿ ಆಚಾರ್ರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ದಯವಿಟ್ಟು ಆ ಮರವನ್ನು ಮಾರಬೇಡಿ. ನಿಮ್ಮ ಬೀರುವಿನ ತೊಂದರೆ ತೇಗದ ದೋಷವಲ್ಲ, ಬಾಗಿಲನ್ನು ಕಟ್ಟಿದ ರೀತಿಯದು.

ಮರ ಎಷ್ಟೇ ಹಳೆಯದಾಗಿದ್ದರೂ ಗಾಳಿಯ ತೇವವನ್ನು ಹೀರಿಕೊಳ್ಳುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಉದ್ದದಲ್ಲಿ ಅದು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಹಿಗ್ಗುವುದೂ ಕುಗ್ಗುವುದೂ ಅಗಲದಲ್ಲಿ. ಒಂದೂವರೆ ಅಡಿ ಅಗಲದ ತೇಗದ ಹಲಗೆಯ ತೇವಾಂಶ ಬೇಸಿಗೆಯ ಶೇ 10ರಿಂದ ಮಳೆಗಾಲದ ಶೇ 16ಕ್ಕೆ ಏರಿತೆಂದುಕೊಳ್ಳಿ, ಸೀಳಿದ ದಿಕ್ಕಿಗೆ ತಕ್ಕಂತೆ ಅದು ಎರಡೂವರೆಯಿಂದ ಐದು ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಅಗಲವಾದ ಹಲಗೆಗಳನ್ನು ಅಂಟಿಸಿ ಒಂದೇ ಫಲಕದಂತೆ ಮಾಡಿದ ಬಾಗಿಲನ್ನು ಏಪ್ರಿಲ್‌ನಲ್ಲಿ ಸಂದಿಲ್ಲದಂತೆ ಕೂರಿಸಿದರೆ ಜುಲೈನಲ್ಲಿ ಅದು ಚೌಕಟ್ಟನ್ನು ಒತ್ತಲೇಬೇಕು. ಆಗ ಅಂಚನ್ನು ಕೀಸಿ ಸರಿಪಡಿಸಿದರೆ ಮಾಘಮಾಸದಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ.

ಇದಕ್ಕೆ ನಮ್ಮ ಹಳೆಯ ಮನೆಗಳ ಬಾಗಿಲುಗಳಲ್ಲೇ ಪರಿಹಾರವಿದೆ. ಎರಡರಿಂದ ಎರಡೂವರೆ ಅಂಗುಲ ಅಗಲದ ನಾಲ್ಕು ಪಟ್ಟಿಗಳ ಚೌಕಟ್ಟು ಮಾಡಿ, ಮೂಲೆಗಳಲ್ಲಿ ಒಂದು ಪಟ್ಟಿಯ ತುದಿಯ ನಾಲಿಗೆಯನ್ನು ಇನ್ನೊಂದರ ಗುಳಿಗೆ ಬಿಗಿಯಾಗಿ ಕೂಡಿಸಿ ಅಂಟು ಹಾಕುತ್ತಾರೆ. ಪಟ್ಟಿಗಳು ಕಿರಿದಾದ್ದರಿಂದ ಅವುಗಳ ಹಿಗ್ಗುವಿಕೆ ಅತ್ಯಲ್ಪ. ನಡುವಿನ ಅಗಲವಾದ ಹಲಗೆಯನ್ನು ಮಾತ್ರ ಪಟ್ಟಿಗಳ ಒಳ ಅಂಚಿನಲ್ಲಿ ಉದ್ದಕ್ಕೂ ಕೊರೆದ ಸೀಳಿನಲ್ಲಿ, ಎರಡೂ ಬದಿಗೆ ಎರಡು-ಮೂರು ಮಿಲಿಮೀಟರ್ ಜಾಗ ಬಿಟ್ಟು, ಅಂಟೂ ಮೊಳೆಯೂ ಇಲ್ಲದೆ ಕೂರಿಸಬೇಕು. ಆಗ ಹಲಗೆ ಒಳಗೇ ಹಿಗ್ಗಿ ಕುಗ್ಗುತ್ತದೆ, ಬಾಗಿಲಿನ ಹೊರ ಅಳತೆ ಹೆಚ್ಚೇನೂ ಬದಲಾಗುವುದಿಲ್ಲ. ಅಲುಗಾಡೀತೆಂಬ ಭಯದಿಂದ ಹಲಗೆಗೆ ಒಂದು ಗೆರೆ ಅಂಟು ಎಳೆಯುವವರನ್ನು ನಾನು ಕಂಡಿದ್ದೇನೆ; ಹಲಗೆ ಬಿರುಕು ಬಿಡಲು ಅಷ್ಟೇ ಸಾಕು. ಕೂಡಿಸುವ ಮುನ್ನವೇ ಹಲಗೆಯ ಎರಡೂ ಮುಖಗಳಿಗೂ ಅಂಚುಗಳಿಗೂ ಪಾಲಿಶ್ ಆಗಿರಬೇಕು. ಇಲ್ಲವಾದರೆ ಬೇಸಿಗೆಯಲ್ಲಿ ಅದು ಕುಗ್ಗಿದಾಗ ಬಣ್ಣವಿಲ್ಲದ ಗೆರೆ ಇಣುಕುತ್ತದೆ; ಒಂದೇ ಮುಖಕ್ಕೆ ಬಳಿದರೆ ಹಲಗೆ ದೋಣಿಯಂತೆ ಬಾಗುತ್ತದೆ.

ತೊಲೆಗಳ ವಿಷಯದಲ್ಲಿ ಆತುರ ಬೇಡ. ಅಯಸ್ಕಾಂತ ಹಿಡಿದು ಮುರಿದ ಮೊಳೆಗಳನ್ನು ಹುಡುಕಿ ತೆಗೆಸಿ, ಕುಟ್ಟೆ ಹಿಡಿಯುವ ಹೊರಗಿನ ಬಿಳಿ ಭಾಗವನ್ನು ಬಿಟ್ಟು ಒಳಗಿನ ಗಟ್ಟಿ ಕೆಚ್ಚನ್ನಷ್ಟೇ ಸೀಳಿಸಿ. ಸೀಳಿದ ಹಲಗೆಗಳ ನಡುವೆ ಸಣ್ಣ ರಿಪೀಸುಗಳನ್ನು (ಮರದ ತೆಳು ಪಟ್ಟಿಗಳನ್ನು) ಇಟ್ಟು, ಮನೆಯೊಳಗೆ ನೆರಳಿನಲ್ಲಿ ಒಂದೆರಡು ತಿಂಗಳು ಪೇರಿಸಿಡಿ. ನೂರು ವರ್ಷದ ತೊಲೆಯಾದರೂ ಸೀಳಿದಾಗ ಒಳಗಿನ ಬಿಗಿತ ಸಡಿಲಗೊಂಡು ಹಲಗೆ ತುಸು ತಿರುಚಿಕೊಳ್ಳಬಹುದು. ಕೊನೆಯ ಅಳತೆಗೆ ಕೀಸುವುದು ಅದಾದ ಮೇಲೆ. ಹಲಸು ಆರಂಭದಲ್ಲಿ ಅರಿಶಿನ ಬಣ್ಣಕ್ಕಿದ್ದು ವರ್ಷಗಳು ಕಳೆದಂತೆ ಕಂದಾಗುವುದರಿಂದ, ಹೊಸದಾಗಿ ಕೀಸಿದ ಅದರ ಬಣ್ಣವನ್ನು ತೇಗಕ್ಕೆ ಹೊಂದಿಸಲು ಬಣ್ಣ ಬಳಿಸಬೇಡಿ.

ನಿಮ್ಮ ಆಚಾರ್ರ ಮಾತನ್ನೂ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕಪಾಟಿನ ಹೊರಗೆ ಕಾಣದ ಪೆಟ್ಟಿಗೆಯ ಭಾಗಕ್ಕೆ, ಮುಖ್ಯವಾಗಿ ಸಿಂಕಿನ ಕೆಳಗೆ, ಐಎಸ್ 710 (ಭಾರತೀಯ ಮಾನಕ) ಮುದ್ರೆಯ, ನೀರು ತಡೆಯುವ ಮರೀನ್ ಪ್ಲೈವುಡ್ ಬಳಸುವುದೇ ಸರಿ. ಬಾಗಿಲು, ಡ್ರಾಯರ್‌ಗಳ ಮುಖ ಮತ್ತು ತೆರೆದ ಶೆಲ್ಫುಗಳಿಗೆ ನಿಮ್ಮ ಮರವಿರಲಿ. ಒಲೆಯ ಹತ್ತಿರ ಅರಗಿನ ಪಾಲಿಶ್ ನಿಲ್ಲದು, ಬಿಸಿ ಪಾತ್ರೆಯೂ ನೀರೂ ತಗುಲಿದಲ್ಲಿ ಬೆಳ್ಳಗಾಗುತ್ತದೆ. ಅಲ್ಲಿ ಪಾಲಿಯುರಿಥೇನ್ ಲೇಪವೇ ಉತ್ತಮ. ಬೇರೆಡೆ ಮರಕ್ಕೆ ಅಗಸೆ ಎಣ್ಣೆ ಬಳಿಸುವುದಾದರೆ, ಅದನ್ನು ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿಯೇ ಹೊತ್ತಿಕೊಳ್ಳಬಹುದು, ಬಿಡಿಸಿ ಹೊರಗೆ ಒಣಹಾಕಲು ಹೇಳಿ.

ಕೈಯಲ್ಲಿ ಮಾಡಿಸುವಾಗ ಅಡುಗೆ ಕಟ್ಟೆಯ ಎತ್ತರವನ್ನೂ ನಿಮ್ಮ ಮೈಕಟ್ಟಿಗೆ ತಕ್ಕಂತೆ ಇಡಿಸಿಕೊಳ್ಳಬಹುದು. ಹೆಚ್ಚು ಹೊತ್ತು ಅಡುಗೆ ಮಾಡುವವರು ನೇರವಾಗಿ ನಿಂತು ಮೊಣಕೈ ಮಡಿಸಿದಾಗ, ಮೊಣಕೈಗಿಂತ ನಾಲ್ಕರಿಂದ ಆರು ಅಂಗುಲ ಕೆಳಗೆ ಕಟ್ಟೆಯ ಕಲ್ಲು ಬರುವಂತೆ ಅಳತೆ ಕೊಡಿ, ಕೆಳಗಿನ ಪೆಟ್ಟಿಗೆಗಳ ಎತ್ತರವನ್ನು ಅದರಿಂದ ಲೆಕ್ಕ ಹಾಕಿಸಿ.